ಸಮಾಜ ವಿಜ್ಞಾನದ ಪ್ರಾಜೆಕ್ಟು ಜೆರಾಕ್ಸ್ ಅಂಗಡಿಗೆ ಬರುವುದು ನಿಲ್ಲಲಿ

ಸಂಪಾದಕರಿಗೆ ನಮಸ್ಕಾರ.

ಪಠ್ಯಪುಸ್ತಕದ ಬಗ್ಗೆ ನಿಮ್ಮಲ್ಲಿ ಬರುವ ಪತ್ರಗಳನ್ನು ತಪ್ಪದೆ ಓದುತ್ತೇನೆ. 2022ರಲ್ಲಿ ಜಗಳ ಎದ್ದಾಗಲೂ ಓದಿದ್ದೆ. ಯಾರ ಪಾಠ ತೆಗೆದರು, ಯಾರದ್ದು ಹಾಕಿದರು, ಯಾವ ಸಮಿತಿ ಸರಿ, ಯಾವುದು ಅಲ್ಲ. ಸರ್ಕಾರ ಬದಲಾಯಿತು, 2023ರಲ್ಲಿ ಮತ್ತೊಮ್ಮೆ ತೆಗೆಯುವುದು, ಹಾಕುವುದು ನಡೆಯಿತು. ಆ ಜಗಳಕ್ಕೆ ಅರ್ಥವಿಲ್ಲ ಎನ್ನುವುದಿಲ್ಲ. ಆದರೆ ಮಕ್ಕಳು ಆ ಪುಸ್ತಕ ಇಟ್ಟುಕೊಂಡು ಏನು ಮಾಡುತ್ತಾರೆ ಅಂತ ಒಬ್ಬರೂ ಬರೆಯಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಅದರಲ್ಲಿ ಒಂದು ಪಾಲು ಕೆಲಸ ನಡೆಯುವುದೇ ನನ್ನ ಅಂಗಡಿಯಲ್ಲಿ.

ಶಿಕಾರಿಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಡಿಟಿಪಿ, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್, ಆನ್‌ಲೈನ್ ಅರ್ಜಿ ಎಲ್ಲ ಉಂಟು. ಪಹಣಿ ತೆಗೆಸಲು ಬರುವ ರೈತರು, ಕರಾರುಪತ್ರ ಟೈಪ್ ಮಾಡಿಸುವ ವಕೀಲರು, ಲಗ್ನಪತ್ರಿಕೆಯವರು ವರ್ಷವಿಡೀ ಇರುತ್ತಾರೆ. ದಸರಾ ರಜೆ ಮುಗಿದ ಮೇಲೆ ಯೂನಿಫಾರ್ಮ್ ಹಾಕಿದವರ ಸೀಸನ್ನು. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟರೆ ಐದಕ್ಕೆ ಬಾಗಿಲಲ್ಲಿ ಸೈಕಲ್ಲುಗಳು. "ಅಣ್ಣಾ, ಸೋಷಿಯಲ್ ಪ್ರಾಜೆಕ್ಟ್ ಬೇಕು." "ಯಾವುದು?" "ಯಾವುದಾದ್ರೂ ಆಗ್ತದೆ."

ಈ ಯಾವುದಾದರೂ ಆಗುವ ಪ್ರಾಜೆಕ್ಟಿನ ಬಗ್ಗೆಯೇ ನನ್ನ ಪತ್ರ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ರಾಜ್ಯದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಎಂದರೆ ಒಂದು ವಿಷಯ ಅಲ್ಲ, ಆರು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಪುಸ್ತಕ ಎರಡು ಭಾಗ, ಹೇಳಿಕೊಡುವ ಮೇಷ್ಟ್ರು ಸಾಮಾನ್ಯವಾಗಿ ಒಬ್ಬರೇ. ಎಸ್ಸೆಸ್ಸೆಲ್ಸಿಯಲ್ಲಿ ನೂರು ಅಂಕ. ಅದರಲ್ಲಿ 80 ಬರೆಯುವ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಆ ಇಪ್ಪತ್ತರಲ್ಲಿ ಚಟುವಟಿಕೆ, ಪ್ರಾಜೆಕ್ಟ್ ಎಲ್ಲ ಸೇರುತ್ತದೆ. ಮಗು ತಾನೇ ಓಡಾಡಿ, ನೋಡಿ, ಕೇಳಿ ಏನಾದರೂ ಮಾಡಲಿ ಎಂದು ಇಟ್ಟಿದ್ದು. ಉದ್ದೇಶ ಬಹಳ ಒಳ್ಳೆಯದು.

ಈಗ ನನ್ನ ಕಂಪ್ಯೂಟರಿನಲ್ಲಿ ಏನಿದೆ ಹೇಳುತ್ತೇನೆ. 'ಎಸ್‌ಎಸ್ ಪ್ರಾಜೆಕ್ಟ್' ಅಂತ ಒಂದು ಫೋಲ್ಡರ್. ಒಳಗೆ ವಿಶ್ವಸಂಸ್ಥೆ, ಬಾಲಕಾರ್ಮಿಕ ಪದ್ಧತಿ, ಭೂಕಂಪ, ಸುನಾಮಿ, ಕ್ವಿಟ್ ಇಂಡಿಯಾ, ಗ್ರಾಹಕ ಹಕ್ಕುಗಳು. ಮಗು ಬಂದ ತಕ್ಷಣ ಹೆಸರು, ತರಗತಿ, ರೋಲ್ ನಂಬರ್ ಬದಲಾಯಿಸುತ್ತೇನೆ. ಮೊದಲ ಪುಟ ಕಲರ್, ಮೇಲೆ ಪ್ಲಾಸ್ಟಿಕ್ ಶೀಟು, ಸ್ಪೈರಲ್. ಕಾಲು ಗಂಟೆಯ ಕೆಲಸ. ಎಲ್ಲದರಲ್ಲೂ ಎರಡನೇ ಪುಟ ಕೃತಜ್ಞತೆಗಳದ್ದು. ತಂದೆ ತಾಯಿ, ಮುಖ್ಯೋಪಾಧ್ಯಾಯರು, ವಿಷಯ ಶಿಕ್ಷಕರು, ಸಹಪಾಠಿಗಳು, ಎಲ್ಲರಿಗೂ ವಂದನೆ. ಜೆರಾಕ್ಸ್ ಅಂಗಡಿಯವನಿಗೆ ಇಲ್ಲ. ಇರಲಿ ಬಿಡಿ.

ಸುನಾಮಿಗೆ ಬೇಡಿಕೆ ಜಾಸ್ತಿ, ಫೋಟೋ ಚೆನ್ನಾಗಿ ಬರುತ್ತದೆ ಅಂತ. ಕಡಲನ್ನೇ ನೋಡದ ಮಕ್ಕಳು ಸುನಾಮಿ ಪ್ರಾಜೆಕ್ಟ್ ಒಯ್ಯುತ್ತಾರೆ. ನಮ್ಮೂರ ಪಕ್ಕದಲ್ಲೇ ಕುಮುದ್ವತಿ ಹರಿಯುತ್ತದೆ. ಹುಂಚದ ಹತ್ತಿರ ಹುಟ್ಟಿ, ಅಂಜನಾಪುರದ ಡ್ಯಾಮಿನಲ್ಲಿ ನಿಂತು, ಮುಂದೆ ಹೋಗಿ ತುಂಗಭದ್ರೆ ಸೇರುತ್ತದೆ. ಡ್ಯಾಮು ತುಂಬಿದರೆ ಎಷ್ಟು ಎಕರೆಗೆ ನೀರು, ತುಂಬದ ವರ್ಷ ಮೆಕ್ಕೆಜೋಳದವರು ಏನು ಮಾಡುತ್ತಾರೆ, ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಇದನ್ನು ಯಾರೂ ಪ್ರಾಜೆಕ್ಟ್ ಅಂತ ತಂದಿಲ್ಲ. ಪರೀಕ್ಷೆಯಲ್ಲಿ ಭಾರತದ ನಕ್ಷೆ ಬರೆದು ಗುರುತಿಸಲು ಐದು ಅಂಕ ಇರುವುದರಿಂದ ಮಹಾನದಿಯ ಹಿರಾಕುಡ್ ಎಲ್ಲಿ ಎಂದು ಕೇಳಿದರೆ ನಿದ್ದೆಯಲ್ಲೂ ಚುಕ್ಕಿ ಇಡುತ್ತಾರೆ. 82½ ಡಿಗ್ರಿ ಪೂರ್ವ ರೇಖಾಂಶದ ಗೆರೆಯನ್ನೂ ಎಳೆಯುತ್ತಾರೆ. ಅದು ಬೇಕು, ಬೇಡ ಅಂದವರು ಯಾರು. ಅಂಜನಾಪುರವೂ ಗೊತ್ತಿರಲಿ ಎಂದಷ್ಟೇ ನನ್ನ ಮಾತು.

ಕ್ವಿಟ್ ಇಂಡಿಯಾ ಫೈಲಿನ ಕಥೆ ಇನ್ನೂ ಚೆನ್ನ. ಅದರಲ್ಲಿ ಮುಂಬೈ ಮೈದಾನದ ಫೋಟೋ ಇದೆ, ಗಾಂಧೀಜಿಯವರ ಫೋಟೋ ಇದೆ, 'ಮಾಡು ಇಲ್ಲವೇ ಮಡಿ' ಇದೆ. ಈಸೂರಿನ ಹೆಸರಿಲ್ಲ. ಈಸೂರು ಇರುವುದು ನಮ್ಮ ತಾಲ್ಲೂಕಿನಲ್ಲಿ ಸ್ವಾಮಿ! 1942ರ ಸೆಪ್ಟೆಂಬರಿನಲ್ಲಿ 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದು ಕಂದಾಯ ಕೊಡದೆ, ವೀರಭದ್ರ ದೇವರ ಗುಡಿ ಮೇಲೆ ಬಾವುಟ ಹಾರಿಸಿ, ನಾವು ಸ್ವತಂತ್ರರು ಎಂದು ಸಾರಿಕೊಂಡ ಊರು. ತಮ್ಮದೇ ಸರ್ಕಾರ ಮಾಡಿ ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದ್ದರು. ಆಮೇಲೆ ನಿಜವಾದ ಅಮಲ್ದಾರರು ಪೊಲೀಸರ ಜೊತೆ ಬಂದರು, ಗಲಾಟೆಯಾಯಿತು, ಇಬ್ಬರು ಅಧಿಕಾರಿಗಳು ಸತ್ತರು. ಸೇಡಿಗೆ ಊರಿನ ಮನೆಗಳು ಸುಟ್ಟವು, ಲೂಟಿಯಾದವು. 1943ರ ಮಾರ್ಚಿನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಹೈಸ್ಕೂಲಿನ ಮಗುವಿಗೆ ಇದಕ್ಕಿಂತ ಹತ್ತಿರದ ಪಾಠ ಬೇಕಾ? ಅಮಲ್ದಾರ ಎಂದರೆ ಯಾರು, ಕಂದಾಯ ಯಾಕೆ ಕೊಡಲಿಲ್ಲ, ಇಬ್ಬರು ಸತ್ತಿದ್ದು ಸರಿಯಾ ತಪ್ಪಾ, ಊರಿನ ಹೆಂಗಸರು ಆಗ ಎಲ್ಲಿ ಅಡಗಿದರು? ಬಸ್ಸು ಹತ್ತಿ ಹೋಗಿ ಹಿರಿಯರ ಹತ್ತಿರ ಕೂತು ಕೇಳಿದರೆ ಒಂದು ನೋಟ್‌ಬುಕ್ ತುಂಬುತ್ತದೆ. ನೋಡಿದವರು ಈಗ ಸಿಗುವುದು ಕಷ್ಟ, ನೋಡಿದವರಿಂದ ಕೇಳಿದವರು ಇದ್ದಾರೆ. ಅವರೂ ಹೋದ ಮೇಲೆ ನನ್ನ ಫೈಲೇ ಗತಿ.

ಸ್ಟೇಟ್ ಸಿಲೆಬಸ್ ಮಕ್ಕಳಿಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಸಿಬಿಎಸ್‌ಇ ಮಕ್ಕಳೂ ಬರುತ್ತಾರೆ. ಅವರಿಗೆ ಹತ್ತನೇ ಕ್ಲಾಸಿನಲ್ಲಿ ಗ್ರಾಹಕ ಜಾಗೃತಿ, ಸಾಮಾಜಿಕ ಸಮಸ್ಯೆ, ಸುಸ್ಥಿರ ಅಭಿವೃದ್ಧಿ, ಈ ಮೂರರಲ್ಲಿ ಒಂದು ಪ್ರಾಜೆಕ್ಟ್ ಕಡ್ಡಾಯ. ಐದು ಅಂಕ. ಅವರದ್ದು ಇಂಗ್ಲಿಷಿನಲ್ಲಿ ಇರುತ್ತದೆ, ಪುಟ ಜಾಸ್ತಿ, ಬಾರ್ಡರ್ ಬೇಕು, ಅಷ್ಟೇ ವ್ಯತ್ಯಾಸ.

ಗ್ರಾಹಕ ಜಾಗೃತಿಯದ್ದು ಒಂದು ತಮಾಷೆ ಹೇಳಲೇಬೇಕು. ಒಬ್ಬ ಹುಡುಗ ಅದನ್ನು ಪ್ರಿಂಟ್ ಹಾಕಿಸಿದ. ಪುಟ ಸರಿಯಾಗಿ ಬಂದಿದೆಯಾ ನೋಡು ಎಂದು ಕೊಟ್ಟೆ. ನಿಂತಲ್ಲೇ ಗಟ್ಟಿಯಾಗಿ ಓದಿದ. 'ಕೊಂಡ ವಸ್ತುವಿಗೆ ಬಿಲ್ ಪಡೆಯುವುದು ಪ್ರತಿಯೊಬ್ಬ ಗ್ರಾಹಕನ ಕರ್ತವ್ಯ.' ದುಡ್ಡು ಕೊಟ್ಟ. ಬಿಲ್ ಪುಸ್ತಕ ಅವನ ಎದುರಿಗೇ ಇತ್ತು. "ಬಿಲ್ ಬೇಕೇನೋ?" ಅಂದೆ. "ಬೇಡ ಅಣ್ಣಾ, ಪ್ರಾಜೆಕ್ಟಿಗೆ ಸೇರಿಸೋದು ಆಯ್ತಲ್ಲ" ಎಂದು ಸೈಕಲ್ ಹತ್ತಿದ.

ಅದೇ ಫೈಲಿನಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇತ್ತು, ಗ್ರಾಹಕರ ದೂರು ಕೇಳುವುದು 'ಜಿಲ್ಲಾ ವೇದಿಕೆ, 20 ಲಕ್ಷ ರೂಪಾಯಿವರೆಗೆ' ಎಂದಿತ್ತು. ಟೈಪಿಂಗಿಗೆ ಬಂದ ವಕೀಲರೊಬ್ಬರು ಮೇಜಿನ ಮೇಲೆ ಬಿದ್ದಿದ್ದ ಪ್ರತಿ ನೋಡಿ ನಕ್ಕರು. "ಆ ಕಾಯ್ದೆ ಹೋಗಿ 2019ರದ್ದು ಬಂದಿದೆ ಮಾರಾಯ. 2020ರ ಜುಲೈಯಿಂದ ಜಾರಿಯಲ್ಲಿದೆ. ಈಗ ಅದು ವೇದಿಕೆ ಅಲ್ಲ, ಆಯೋಗ. ಮೊದಲು ಒಂದು ಕೋಟಿ ಮಾಡಿದ್ದರು, 2021ರ ಕೊನೆಗೆ 50 ಲಕ್ಷಕ್ಕೆ ಇಳಿಸಿದರು" ಎಂದರು. ನಾನು ಕೂತು ಫೈಲ್ ತಿದ್ದಿದೆ. ಆ ವರ್ಷ ನನ್ನ ಅಂಗಡಿಯಿಂದ ಹೋದ ಪ್ರಾಜೆಕ್ಟುಗಳಲ್ಲಿ ಕಾನೂನು ಸರಿಯಿತ್ತು. ಅದಕ್ಕೂ ಹಿಂದೆ ಹೋದವಕ್ಕೆ ಪೂರ್ತಿ ಅಂಕ ಬಿದ್ದಿತ್ತು, ತಿದ್ದಿದ ಮೇಲೂ ಪೂರ್ತಿ ಬಿತ್ತು. ಓದಿದವರು ಯಾರು ಹೇಳಿ?

ಮೇಷ್ಟ್ರುಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರೂ ನನ್ನ ಗಿರಾಕಿಗಳೇ, ಅವರ ಕಷ್ಟ ಕಾಣುತ್ತದೆ. ಒಬ್ಬರ ತಲೆ ಮೇಲೆ ಆರು ವಿಷಯ, ಮೂರು ತರಗತಿ. ಬಿಎಯಲ್ಲಿ ಇತಿಹಾಸ ಓದಿ ಬಂದವರು ಬ್ಯಾಂಕಿನ ಪಾಠವನ್ನೂ ಮಾಡಬೇಕು, ಅರ್ಥಶಾಸ್ತ್ರ ಓದಿದವರು ಮಾನ್ಸೂನ್ ಹೇಗೆ ಹುಟ್ಟುತ್ತದೆ ಎಂದೂ ಹೇಳಬೇಕು. ಜನವರಿ ಬಂತೆಂದರೆ ಗಣಿತ, ಇಂಗ್ಲಿಷಿನವರು "ಸೋಷಿಯಲ್ ಓದ್ಕೊಂಡ್ರೆ ಬರುತ್ತೆ, ಪೀರಿಯಡ್ ಕೊಡಿ ಸರ್" ಎಂದು ಇಸ್ಕೊಳ್ಳುತ್ತಾರೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬೇರೆ, ಫಲಿತಾಂಶದ ಒತ್ತಡ ಮೇಲಿನಿಂದ. ಇಷ್ಟರ ನಡುವೆ ಅರವತ್ತು ಮಕ್ಕಳ ಪ್ರಾಜೆಕ್ಟ್ ಓದು ಎಂದರೆ ಯಾರು ಓದುತ್ತಾರೆ. ಸ್ಪೈರಲ್ ಇದೆಯಾ, ಹೆಸರಿದೆಯಾ, ಸಹಿ ಹಾಕು, ಮುಗೀತು.

ಹಾಗಂತ ಮೇಷ್ಟ್ರುಗಳಿಗೆ ಆಸಕ್ತಿ ಇಲ್ಲ ಎಂದಲ್ಲ. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಶಿಕ್ಷಕರೇ ಅರವತ್ತು ಪ್ರಶ್ನೆ ಹಿಡಿದು ಮನೆ ಮನೆ ತಿರುಗಿದರಲ್ಲ, ಆಗ ಒಬ್ಬರು ಸಮಾಜ ವಿಜ್ಞಾನದ ಮೇಷ್ಟ್ರು ಅಂಗಡಿಗೆ ಬಂದಿದ್ದರು. ಸುಸ್ತಾಗಿದ್ದರು, ಆದರೂ ಮಾತು ನಿಲ್ಲಲಿಲ್ಲ. "ಕೇಳಿ ಇಲ್ಲಿ. ಗಂಡನ ಕಸುಬು ಏನು ಅಂದ್ರೆ ಬೇಸಾಯ ಅಂತಾರೆ. ಹೆಂಡತಿದು ಅಂದ್ರೆ, ಅವಳೇನಿಲ್ಲ ಸರ್, ಮನೇಲಿರ್ತಾಳೆ ಅಂತಾರೆ. ಅವಳು ಆಗ ತಾನೇ ಶುಂಠಿ ಹೊಲದಲ್ಲಿ ಕಳೆ ತೆಗೆದು ಕೈ ತೊಳ್ಕೊಂಡು ಬಂದಿರ್ತಾಳೆ!" ವೇತನ ಸಹಿತ ದುಡಿಮೆ, ವೇತನ ರಹಿತ ದುಡಿಮೆ ಅಂತ ಹತ್ತನೇ ಕ್ಲಾಸಿನ ಸಮಾಜಶಾಸ್ತ್ರದಲ್ಲಿ ಒಂದು ಭಾಗವೇ ಇದೆಯಂತೆ. ವರ್ಷಾ ವರ್ಷ ಬೋರ್ಡಿನ ಮೇಲೆ ಬರೆದು ಹೇಳಿದ್ದನ್ನು ಅವರು ಆ ದಿನ ಕಣ್ಣಾರೆ ನೋಡಿ ಬಂದಿದ್ದರು. ನನಗೆ ಅನ್ನಿಸಿತು, ಇದನ್ನೇ ಮಕ್ಕಳಿಗೆ ಮಾಡಲು ಹೇಳಬಾರದಾ? ಅರವತ್ತು ಪ್ರಶ್ನೆ ಬೇಡ, ಐದು ಸಾಕು. ಹತ್ತು ಮನೆ ಬೇಡ, ಸ್ವಂತ ಮನೆ ಸಾಕು. ಅಮ್ಮ ಬೆಳಿಗ್ಗೆ ಎಷ್ಟಕ್ಕೆ ಎದ್ದಳು, ರಾತ್ರಿ ಮಲಗುವವರೆಗೆ ಏನೇನು ಮಾಡಿದಳು, ಅದರಲ್ಲಿ ದುಡ್ಡು ಬಂದ ಕೆಲಸ ಯಾವುದು. ಒಂದು ಹಾಳೆ.

ಒಂದು ಸಲ ಮಾತ್ರ ನಿಜವಾದ ಪ್ರಾಜೆಕ್ಟ್ ನನ್ನ ಕೈಗೆ ಬಂತು. ಶಿರಾಳಕೊಪ್ಪ ಕಡೆಯ ಹಳ್ಳಿಯ ಹುಡುಗಿ. ಪೆನ್ನಿನಲ್ಲಿ ಬರೆದ ನಾಲ್ಕು ಹಾಳೆ ತಂದಿದ್ದಳು, ಅಪ್ಪನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ. "ಇದನ್ನ ಕಂಪ್ಯೂಟರಲ್ಲಿ ಹೊಡೆದು ಬೈಂಡ್ ಮಾಡಿಕೊಡಿ ಅಣ್ಣಾ. ಕೈಬರಹ ಬೇಡ, ನೀಟಾಗಿ ಮಾಡಿಸ್ಕೊಂಡು ಬಾ ಅಂದಿದಾರೆ." ಟೈಪ್ ಮಾಡುತ್ತಾ ಓದಿದೆ. ಅವರ ಊರ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆ. ಅವಳ ಭುಜದಷ್ಟು ಎತ್ತರ. ಅಜ್ಜಿ ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಾರೆ. ಕಲ್ಲಿನಲ್ಲಿ ಮೂರು ಸಾಲು ಚಿತ್ರ. ಕೆಳಗೆ ದನಗಳು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬ. ನಡುವೆ ಇಬ್ಬರು ಹೆಂಗಸರು ಅವನನ್ನು ಎತ್ತಿಕೊಂಡು ಮೇಲೆ ಹೋಗುತ್ತಿದ್ದಾರೆ. ಮೇಲಿನ ಸಾಲಿನಲ್ಲಿ ಲಿಂಗ, ಬಸವ, ಪಕ್ಕದಲ್ಲಿ ಅವನು ಕೈಮುಗಿದು ಕೂತಿದ್ದಾನೆ. ಇದು ಯಾರು ಎಂದು ಅಜ್ಜಿಯನ್ನು ಕೇಳಿದ್ದಾಳೆ. "ದನ ಹೊಡ್ಕೊಂಡು ಹೋದೋರನ್ನ ಅಟ್ಟಿಸ್ಕೊಂಡು ಹೋಗಿ ಸತ್ತೋನು" ಎಂದರಂತೆ ಅಜ್ಜಿ. ಹುಡುಗಿ ಅಲ್ಲಿಗೇ ಬಿಟ್ಟಿಲ್ಲ. ದನಕ್ಕೆ ಯಾಕೆ ಅಷ್ಟು ಜಗಳ ಎಂದು ಬರೆದಿದ್ದಾಳೆ. ಕೊನೆಯ ಹಾಳೆಯಲ್ಲಿ ಅವಳದ್ದೇ ಉತ್ತರ: 'ಆಗ ಬ್ಯಾಂಕ್ ಇರಲಿಲ್ಲ. ದನವೇ ಅವರ ಉಳಿತಾಯ ಖಾತೆ ಇರಬೇಕು. ಅದಕ್ಕೇ ಕಳ್ಳರು ದನ ಕದಿಯುತ್ತಿದ್ದರು.'

ಆ ಉಳಿತಾಯ ಖಾತೆಯ ಸಾಲನ್ನು ನಾನು ಎರಡು ಸಲ ಓದಿದೆ. ಇತಿಹಾಸದ ಕಲ್ಲು ನೋಡಲು ಹೋದವಳು ಅರ್ಥಶಾಸ್ತ್ರಕ್ಕೆ ಬಂದು ನಿಂತಿದ್ದಳು, ಯಾರೂ ಹೇಳಿಕೊಡದೆ. ಟೈಪ್ ಮಾಡಿ ಬೈಂಡ್ ಮಾಡಿಕೊಟ್ಟೆ. ಮೂಲದ ಹಾಳೆಗಳನ್ನೂ ಹಿಂದೆ ಸೇರಿಸಲಾ ಎಂದರೆ, "ಬೇಡ, ಬೈತಾರೆ" ಅಂದಳು.

ನಮ್ಮ ತಾಲ್ಲೂಕಿನಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನದ್ದೇ ನೂರಾರು ಶಾಸನ ಹಾಕಿದ್ದಾರೆ. 176ನೆಯದು ತಾಳಗುಂದದ ಕಂಬ. ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಕುದುರೆ ಸವಾರನ ಜೊತೆ ಜಗಳ ಆಗಿ, ಸಿಟ್ಟಿನಲ್ಲಿ ಪುಸ್ತಕ ಬಿಟ್ಟು ಕತ್ತಿ ಹಿಡಿದ ಕಥೆ ಆ ಕಂಬದ ಮೇಲಿದೆ. ಎಂಟನೇ ಕ್ಲಾಸಿನಲ್ಲಿ ಕದಂಬರ ಪಾಠ ಬರುತ್ತದೆ. ಬಳ್ಳಿಗಾವಿ ಪಕ್ಕದಲ್ಲಿದೆ, ಅಕ್ಕಮಹಾದೇವಿಯ ಉಡುತಡಿ ಇಲ್ಲೇ ಇದೆ. ಶಾಲಾ ಪ್ರವಾಸ ಮಾತ್ರ ಮೈಸೂರಿಗೆ.

ಬೇರೆ ತಾಲ್ಲೂಕಿನವರಿಗೆ ಈಸೂರು, ತಾಳಗುಂದ ಇಲ್ಲದಿರಬಹುದು. ಗ್ರಾಮ ಪಂಚಾಯಿತಿ ಎಲ್ಲರಿಗೂ ಇದೆ, ಸಂತೆ ಇದೆ, ರೇಷನ್ ಅಂಗಡಿ ಇದೆ, ಡೇರಿ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆ ಬಗ್ಗೆ ಮಕ್ಕಳು ಓದುತ್ತಾರೆ, ಗ್ರಾಮಸಭೆಗೆ ಹೋಗಿ ಕೂತವರು ಎಷ್ಟು ಜನ? ಮಕ್ಕಳ ಗ್ರಾಮಸಭೆ ಅಂತ ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿ ಬಾಯಿಪಾಠದ ಭಾಷಣ, ಬಿಸ್ಕತ್ತು, ಫೋಟೋ. ಶಾಲೆಯ ಶೌಚಾಲಯದ ನೀರಿನ ಬಗ್ಗೆ ಒಂದು ಮಗು ಎದ್ದು ಕೇಳಿ, ಮುಂದಿನ ವರ್ಷ ಅದು ಏನಾಯ್ತು ಎಂದು ಹೋಗಿ ವಿಚಾರಿಸಿದರೆ ಅದೇ ಪ್ರಾಜೆಕ್ಟ್. ಇಲ್ಲಿ ಇನ್ನೊಂದು ಗುಟ್ಟಿದೆ, ಹೇಳಿಬಿಡುತ್ತೇನೆ. ಪಂಚಾಯಿತಿ ಲೆಕ್ಕ ಕೇಳಿ ಬನ್ನಿ ಎಂದು ಮಕ್ಕಳನ್ನು ಕಳಿಸಿದರೆ ಸಂಜೆಯೊಳಗೆ ಮೇಷ್ಟ್ರಿಗೆ ಫೋನ್ ಬರುತ್ತದೆ. "ಏನ್ ಮೇಷ್ಟ್ರೇ, ರಾಜಕೀಯ ಶುರು ಮಾಡಿದ್ರಾ?" ಸುನಾಮಿಯ ಮೇಲೆ ಪ್ರಾಜೆಕ್ಟ್ ಮಾಡಿಸಿದರೆ ಯಾರೂ ಫೋನ್ ಮಾಡುವುದಿಲ್ಲ. ಸುನಾಮಿ ಅಷ್ಟು ಓಡುವುದಕ್ಕೆ ಫೋಟೋ ಒಂದೇ ಕಾರಣ ಅಲ್ಲ.

ಇದೇ ಮಕ್ಕಳು ಹತ್ತನೇ ಕ್ಲಾಸು ಪಾಸಾಗಿ ಜೂನ್ ಕಳೆದ ಮೇಲೆ ಮತ್ತೆ ನನ್ನ ಹತ್ತಿರ ಬರುತ್ತಾರೆ, ಸ್ಕಾಲರ್‌ಶಿಪ್ ಅರ್ಜಿ ಹಾಕಲು. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲಿದೆ ಅಂದರೆ ಗೊತ್ತಿಲ್ಲ. ನಾಡಕಚೇರಿ ಯಾವುದು, ತಾಲ್ಲೂಕು ಆಫೀಸ್ ಯಾವುದು, ಎರಡೂ ಒಂದೇ. ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದ್ದೇವೆ, ದುಡ್ಡು ಯಾಕೆ ಬಂದಿಲ್ಲ ಎಂದು ಅಳುಮುಖ. ಖಾತೆಗೆ ಆಧಾರ್ ಸೇರಿಸುವುದು ಬೇರೆ, ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಎಂದು ಗುರುತು ಮಾಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆ ಎಂದು ನಾನೇ ಹೇಳಿ ಬ್ಯಾಂಕಿಗೆ ಕಳಿಸುತ್ತೇನೆ. 'ಬ್ಯಾಂಕ್ ವ್ಯವಹಾರಗಳು' ಪಾಠದಲ್ಲಿ ಇವರಿಗೆ ಒಳ್ಳೆಯ ಅಂಕವೇ ಬಂದಿರುತ್ತದೆ. ಉಳಿತಾಯ ಖಾತೆ, ಚಾಲ್ತಿ ಖಾತೆ, ಆವರ್ತ ಠೇವಣಿ, ನಿಶ್ಚಿತ ಠೇವಣಿ, ನಾಲ್ಕನ್ನೂ ಪಟಪಟ ಹೇಳುತ್ತಾರೆ. ಚಲನ್ ತುಂಬಲು ಕೈ ನಡುಗುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಅಪ್ಪನ ಜೊತೆ ಒಮ್ಮೆ ಬ್ಯಾಂಕಿಗೆ ಹೋಗಿ, ಏನು ನೋಡಿದೆ ಎಂದು ಒಂದು ಪುಟ ಬರೆದಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ, ಅಲ್ವಾ?

ಇನ್ನು ನನ್ನ ಬೇಡಿಕೆ. ಹೊಸ ಪುಸ್ತಕ ಬೇಡ, ಹೊಸ ಸಮಿತಿಯಂತೂ ಬೇಡವೇ ಬೇಡ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮುಂಚೆ ಶಿಕ್ಷಣ ಇಲಾಖೆ, ಪಠ್ಯ ಮತ್ತು ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಮತ್ತು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಸೇರಿ ಒಂದು ಸುತ್ತೋಲೆ ಹೊರಡಿಸಲಿ. ಸಮಾಜ ವಿಜ್ಞಾನದ ಪ್ರಾಜೆಕ್ಟ್ ಕೈಬರಹದಲ್ಲೇ ಇರಬೇಕು, ಪ್ರಿಂಟ್ ಹಾಕಿಸಿದ್ದು ತೆಗೆದುಕೊಳ್ಳಬಾರದು. ವಿಷಯ ಮಗುವಿನ ಊರಿನದ್ದೋ ಮನೆಯದ್ದೋ ಆಗಿರಬೇಕು. ನಾಲ್ಕು ಪುಟ ಮೀರಬಾರದು, ಆಗ ಮೇಷ್ಟ್ರು ಓದಬಹುದು. ಅಂಕ ಕೊಡುವ ಮುಂಚೆ ಮಗುವನ್ನು ಎದುರಿಗೆ ಕೂರಿಸಿಕೊಂಡು ಎರಡು ನಿಮಿಷ ಮಾತಾಡಿಸಬೇಕು. ಯಾರನ್ನು ಕೇಳಿದೆ, ಅವರು ಏನಂದರು, ನಿನಗೆ ಏನನ್ನಿಸಿತು. ಮಾಡಿದವರು ಮಾತಾಡುತ್ತಾರೆ, ಮಾಡಿಸಿದವರು ಮೇಲೆ ಕೆಳಗೆ ನೋಡುತ್ತಾರೆ. ಪಂಚಾಯಿತಿ, ಬ್ಯಾಂಕು, ಆಸ್ಪತ್ರೆ, ಡೇರಿಯವರಿಗೆ ಒಂದು ಪ್ರತಿ ಕಳಿಸಿ, ಮಕ್ಕಳು ಬಂದರೆ ಬೈಯದೆ ಮಾಹಿತಿ ಕೊಡಿ ಎಂದು ಜಿಲ್ಲಾಡಳಿತದಿಂದಲೇ ಹೇಳಿಸಲಿ. ಹಾಗಾದರೆ ಮೇಷ್ಟ್ರಿಗೆ ಸಂಜೆಯ ಫೋನ್ ಬರುವುದಿಲ್ಲ.

ಇದರಿಂದ ನನ್ನ ವ್ಯಾಪಾರ ಕಡಿಮೆಯಾಗುತ್ತದೆ, ಮನೆಯವಳು ಆಗಲೇ ಕೇಳಿದಳು. ನಮ್ಮಂಥ ಅಂಗಡಿಯವರು ಬೇರೆ ಊರುಗಳಲ್ಲಿ ನನ್ನ ಮೇಲೆ ಸಿಟ್ಟಾಗಲೂಬಹುದು. ಪಹಣಿ, ಲಗ್ನಪತ್ರಿಕೆ ಇದ್ದೇ ಇದೆ. ಸುತ್ತೋಲೆ ಬಂದರೆ ಆ ಫೋಲ್ಡರ್ ಅಳಿಸಿಬಿಡುತ್ತೇನೆ. ಮಕ್ಕಳು ತಾವೇ ತೆಗೆದ ಕಲ್ಲಿನದ್ದೋ ಕೆರೆಯದ್ದೋ ಒಂದೆರಡು ಫೋಟೋ ತಂದರೆ ಕಾಗದದ ರೇಟಿಗೆ ಪ್ರಿಂಟ್ ಹಾಕಿಕೊಡುತ್ತೇನೆ. ಬಿಲ್ಲನ್ನೂ ಕೊಡುತ್ತೇನೆ, ಕೇಳಿದರೆ.

ಇಂತಿ,
ಜೆರಾಕ್ಸ್ ಅಂಗಡಿಯವ, ಶಿಕಾರಿಪುರ